ಜೋಳದ ಎಲೆ ತಿನ್ನೋ ಹುಳ
ಮಕ್ಕಳ ಚಿತ್ರಪುಸ್ತಕಗಳನ್ನು ಬರೆದು ಚಿತ್ರಿಸಿದ ಎರಿಕ್ ಕಾರ್ಲ್ ಅವರ 1969ರ ಕಂಬಳಿಹುಳದ ಪುಸ್ತಕ ತೋರಿಸಿದಾಗ ನಮ್ಮ ಒಂದನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ಇದು ಜ್ವಾಳದ ಎಲಿ ತಿನ್ನಂಗಿಲ್ಲೇನ್ರೀ?” ಬಣ್ಣದ ಹಾಳೆ ಅಂಟಿಸಿ ನಮ್ಮದೇ ಹುಳ ಮಾಡುವ ಕೆಲಸ ಅಲ್ಲಿಂದಲೇ ಶುರುವಾಯಿತು.

ಕಾರ್ಲ್ ತೆಳು ಟಿಶ್ಯೂ ಹಾಳೆಗೆ ಮೊದಲು ತಾವೇ ಬಣ್ಣ ಬಳಿದು, ಒಣಗಿದ ಮೇಲೆ ಕತ್ತರಿಸಿ ಅಂಟಿಸುತ್ತಿದ್ದರು. ಬಾಗಲಕೋಟೆಯಲ್ಲಿ ನನಗೆ ಸಿಕ್ಕಿದ್ದು ಗಾಳಿಪಟದ ತೆಳು ಹಾಳೆ. ನೀರು ಹೆಚ್ಚಾಗಿ ಮೊದಲ ದಿನ ಎಲ್ಲ ಹರಿದುಹೋಯಿತು. ಸಣ್ಣ ಮಕ್ಕಳ ಕೈಗೆ ಹಳೆಯ ನೋಟ್‌ಬುಕ್ಕಿನ ಹಾಳೆಯೇ ಸರಿ. ಒಣಗಿದ ಹಸಿರಿನ ಮೇಲೆ ಹಳದಿ ಬಳಿದು, ಅದು ಹಸಿ ಇರುವಾಗಲೇ ಹಣಿಗೆ ಎಳೆದರೆ ಕೆಳಗಿನ ಹಸಿರು ಗೆರೆಗೆರೆಯಾಗಿ ಇಣುಕುತ್ತದೆ. ಥೇಟ್ ಜೋಳದ ಗರಿ!

ಕತ್ತರಿ ಕೊಡಲಿಲ್ಲ. ಬೆರಳಿಂದ ಹರಿದ ಅಂಚೇ ಚಂದ, ಹುಳದ ರೋಮದ ಹಾಗೆ. ಆ ಹುಡುಗಿ ಅವ್ವನ ಇಳಕಲ್ ಸೀರೆ ಸೆರಗಿನ ಕೆಂಪೇ ಬೇಕೆಂದು ಮೂರು ಸಲ ಬಣ್ಣ ಕಲಸಿದಳು. ಸಿಕ್ಕಿತು. ಅವಳ ಹುಳ ಈಗ ಕಿಟಕಿಯ ಪಕ್ಕ ಒಣಗುತ್ತಿದೆ.