ಸಾಲ್ತಾದಲ್ಲಿ ಏಳು ಗಂಟೆಗೆ ಹಸಿವಾದರೆ

ಅರ್ಜೆಂಟೀನಾದ ವಾಯವ್ಯ ಮೂಲೆಯ ಸಾಲ್ತಾಗೆ ಬಂದ ಮೊದಲ ಸಂಜೆ, ಏಳು ಗಂಟೆಗೇ ಊಟಕ್ಕೆ ಹೊರಟೆ. ಹೋಟೆಲ್ ಬಾಗಿಲೇನೋ ತೆರೆದಿತ್ತು. ಒಳಗೆ ಒಬ್ಬ ಹುಡುಗ ಮೇಜಿನ ಮೇಲಿದ್ದ ಕುರ್ಚಿಗಳನ್ನು ಇಳಿಸುತ್ತಿದ್ದ. ನನ್ನನ್ನು ನೋಡಿ ನಕ್ಕು, ಒಂಬತ್ತು ಬೆರಳು ತೋರಿಸಿದ. ಒಂಬತ್ತಕ್ಕೆ ಹೋದಾಗಲೂ ನಾನೊಬ್ಬಳೇ. ಊರಿನವರು ಬರೋಕೆ ಶುರುವಾದದ್ದು ಹತ್ತರ ಮೇಲೆ.

ಹಾಗಾಗಿ ನನ್ನ ಮೊದಲ ಸಲಹೆ: ಹೊಟ್ಟೆ ತುಂಬ ತಿನ್ನೋದನ್ನು ಮಧ್ಯಾಹ್ನವೇ ಮುಗಿಸಿ. ಆಮೇಲೆ ಊರಿಗೆ ಊರೇ ಅಂಗಡಿ ಮುಚ್ಚಿ ಸಿಯೆಸ್ತಾ ನಿದ್ದೆ ಮಾಡುತ್ತೆ. ಸಂಜೆಯ ಹಸಿವಿಗೆ ಕಾಫಿ ಜೊತೆ ಎರಡು ಮೀಡಿಯಾಲೂನಾ ಸಾಕು. ಅರ್ಧಚಂದ್ರದ ಆಕಾರದ, ಸ್ವಲ್ಪ ಸಿಹಿಯಾದ ಬನ್ನು ಅದು.

ಪ್ಲಾಸಾ 9 ದೆ ಹೂಲಿಯೊ ಚೌಕದ ಸುತ್ತ ಕಮಾನುಗಳ ಕೆಳಗೆ ಮೇಜು ಹಾಕಿರುತ್ತಾರೆ. ಕೂತು ಕಾಫಿ ಕುಡಿಯೋಕೆ ಚೆಂದ. ಊಟಕ್ಕೆ ಮಾತ್ರ ನಾನು ಎದ್ದು ಹೋಗ್ತೀನಿ. ಒಂದು ಕಡೆ ನಾನು ಕೇಳದ ಬ್ರೆಡ್ ತಂದಿಟ್ಟರು, ಬಿಲ್ಲಿನಲ್ಲಿ 'ಕುಬಿಯೆರ್ತೊ' ಅಂತ ತಲೆಗಿಷ್ಟು ಸೇರಿಸಿದ್ದರು. ಅದು ಮೋಸವಲ್ಲ, ಈ ದೇಶದ ಪದ್ಧತಿ. ಆದರೂ ಹೊಟ್ಟೆ ಉರೀತು.

ನಾನು ಹೋಗೋದು ಸಾನ್ ಮಿಗೆಲ್ ಮಾರುಕಟ್ಟೆಗೆ. ಮಸಾಲೆ, ಒಣಮೆಣಸಿನಕಾಯಿ, ಮಾಂಸ ಎಲ್ಲ ದಾಟಿ ಒಳಗೆ ಹೋದರೆ ತಿಂಡಿ ಅಂಗಡಿಗಳು. ಎಂಪನಾಡಾ ಕೇಳಿ. ಇಲ್ಲಿನದು ಚಿಕ್ಕದು, ಹಾಗಾಗಿ ಡಜನ್ ಲೆಕ್ಕದಲ್ಲಿ ಕೇಳೋದು ಮಾಮೂಲು. ನೋಡೋಕೆ ನಮ್ಮ ಕರ್ಜಿಕಾಯಿಯೇ! ಅಂಚನ್ನು ಜಡೆ ಹೆಣೆದ ಹಾಗೆ ಮಡಿಚಿರುತ್ತಾರೆ, ಅದಕ್ಕೆ ರೆಪುಲ್ಗೆ ಅಂತ ಹೆಸರು. ಒಳಗೆ ಚಾಕುವಿನಲ್ಲಿ ಸಣ್ಣಗೆ ಕೊಚ್ಚಿದ ದನದ ಮಾಂಸ, ಈರುಳ್ಳಿ, ಮೊಟ್ಟೆ, ಜೀರಿಗೆ, ಮತ್ತೆ ಆಲೂಗಡ್ಡೆ. ಈ ಆಲೂಗಡ್ಡೆಯೇ ಜಗಳದ ವಿಷಯ. ಪಕ್ಕದ ತುಕುಮಾನ್‌ನವರು ತಮ್ಮ ಎಂಪನಾಡಾಗೆ ಅದನ್ನು ಹಾಕಲ್ಲ, ಹಾಕಿದವರನ್ನು ಗೇಲಿ ಮಾಡ್ತಾರೆ. ನಾನು ಆಲೂಗಡ್ಡೆ ಪಕ್ಷ.

ಮೊದಲನೆಯದನ್ನು ನೆಟ್ಟಗೆ ಕೂತು ಕಚ್ಚಿದೆ. ಬಿಸಿ ರಸ ಮೊಣಕೈವರೆಗೂ ಇಳಿಯಿತು. ಅಂಗಡಿಯಮ್ಮ ಬಂದು ನನ್ನ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ಬಗ್ಗಿಸಿದರು. ಹಾಗೆ ಬಗ್ಗಿ, ಕಾಲು ಅಗಲಿಸಿ ತಿನ್ನಬೇಕಂತೆ, ರಸ ನೆಲಕ್ಕೆ ಬೀಳಲಿ ಅಂತ. ಜೊತೆಗೆ ಟೊಮೆಟೊ, ಮೆಣಸಿನಕಾಯಿ ಅರೆದ ಖಾರದ ಚಟ್ನಿ ಕೊಡ್ತಾರೆ. ನಮ್ಮ ನಾಲಿಗೆಗೆ ಅದೇ ಆಸರೆ.

ಮಾಂಸ ತಿನ್ನದವರು ಚೀಸ್ ಎಂಪನಾಡಾ ಅಥವಾ ಉಮಿತಾ ಕೇಳಬಹುದು. ಉಮಿತಾ ಅಂದರೆ ಹಸಿ ಮೆಕ್ಕೆಜೋಳ ಅರೆದು, ಈರುಳ್ಳಿ, ಚೀಸ್ ಸೇರಿಸಿ, ಆ ಜೋಳದ ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ್ದು. ಬಿಚ್ಚಿದ ತಕ್ಷಣ ಬರೋ ಹಬೆಗೆ ಕಡುಬಿನ ನೆನಪಾಗುತ್ತೆ. ಕೆಲವರು ಬೇಯಿಸುವಾಗ ಕೊಬ್ಬು ಬಳಸ್ತಾರೆ, ಕೇಳಿಕೊಳ್ಳಿ. ಲೋಕ್ರೊ ಅನ್ನೋ ಗಟ್ಟಿ ಸಾರು ಚಳಿಗೆ ಸೊಗಸು, ಆದರೆ ಅದರಲ್ಲಿ ಮಾಂಸ ಇದ್ದೇ ಇರುತ್ತೆ.

ರಾತ್ರಿಗೆ ಪೇನ್ಯಾ, ಅಂದರೆ ಹಾಡೂ ಊಟವೂ ಇರೋ ಜಾಗ. ಬಾಲ್ಕಾರ್ಸೆ ಬೀದಿಯಲ್ಲಿ ಸಾಲಾಗಿವೆ, ಪ್ರವಾಸಿಗರೇ ಜಾಸ್ತಿ. ನನಗೆ ಹಿಡಿಸಿದ್ದು ಲಾ ಕಾಸೋನಾ ದೆಲ್ ಮೊಲೀನೊ. ಹಳೇ ಮನೆ, ಕೋಣೆ ಕೋಣೆಯಲ್ಲೂ ಮೇಜು. ಪಕ್ಕದ ಮೇಜಿನವರೇ ಗಿಟಾರ್ ತೆಗೆದು ಶುರು ಮಾಡ್ತಾರೆ. ಕಾಫಯಾತೆಯ ಬಿಳಿ ವೈನ್ ತೊರ್ರೊಂತೆಸ್ ಒಂದು ಲೋಟ, ಕೊನೆಗೆ ಕಾಯೋತೆ ಹಾಕಿದ ಕೆಸಿಯ್ಯೊ. ಕಾಯೋತೆ ಅಂದರೆ ಒಂದು ಜಾತಿಯ ಕುಂಬಳ. ಅದರ ಎಳೆ ಎಳೆಯಾದ ಜಾಮನ್ನು ತೆಳ್ಳನೆ ಚೀಸ್ ಮೇಲೆ ಸುರಿದು ಕೊಡ್ತಾರೆ. ಮೊನ್ನೆ ಅದು ನನ್ನ ಮೇಜಿಗೆ ಬಂದಾಗ ಗಂಟೆ ಒಂದೂಕಾಲು. ಆಗಷ್ಟೇ ಇನ್ನೊಂದು ಸಂಸಾರ, ಮಗು ಸಮೇತ, ಮೆನು ಕೇಳುತ್ತಿತ್ತು.