ಹಾಡಿನ ಅಡಿಯಲ್ಲಿದ್ದ ಅಜ್ಜಿ

ಅತ್ತೆಯ ಮದುವೆ ನಡೆದದ್ದು 1995ರ ಮೇ ತಿಂಗಳಲ್ಲಿ, ಬದಿಯಡ್ಕದ ಹತ್ತಿರ ನಮ್ಮ ಮನೆಯ ಅಂಗಳದಲ್ಲಿ. ವಿಡಿಯೋದವನು ಕಾಸರಗೋಡು ಪೇಟೆಯಿಂದ ಬಂದಿದ್ದ ಮಲಯಾಳಿ. ಎರಡು ತಿಂಗಳ ಬಳಿಕ ಕ್ಯಾಸೆಟ್ ಕೈಗೆ ಬಂದಾಗ ಅದರಲ್ಲಿ ಮಂಗಳಾಷ್ಟಕವೂ ಇರಲಿಲ್ಲ, ಓಲಗವೂ ಇರಲಿಲ್ಲ. ಗಣಪತಿ ಪೂಜೆಯಿಂದ ಹಿಡಿದು ಹೆಣ್ಣು ಒಪ್ಪಿಸಿಕೊಡುವವರೆಗೆ ಒಂದರ ಹಿಂದೊಂದು ಮಲಯಾಳ ಸಿನಿಮಾ ಹಾಡು. ಭಟ್ಟರು ಬಾಯಿ ತೆರೆದರೆ ಪ್ರೇಮಗೀತೆ ಬರುತ್ತಿತ್ತು. ಅಪ್ಪನಿಗೆ ಸಿಟ್ಟು ಬಂದಿತ್ತು. ಆದರೆ ದುಡ್ಡು ಕೊಟ್ಟಾಗಿತ್ತು.

ಆ ಕ್ಯಾಸೆಟ್ಟಿನಲ್ಲಿ ಅಜ್ಜಿ ಒಂದೇ ಒಂದು ಕಡೆ ಎದುರಿನಿಂದ ಕಾಣಿಸುತ್ತಾರೆ. ಚಪ್ಪರದ ಕಂಬದ ಪಕ್ಕ ನಿಂತು, ಬಲಗೈ ಎತ್ತಿ, ಕ್ಯಾಮೆರಾ ನೋಡಿಕೊಂಡು ಏನೋ ಹೇಳುತ್ತಾರೆ. ಹಿಂದಿನಿಂದ ಹಾಡು. ಅಜ್ಜಿ ತೀರಿಕೊಂಡ ಮೇಲೆ ಆ ಹತ್ತು ಹನ್ನೆರಡು ಸೆಕೆಂಡಿಗೆ ನಮ್ಮಲ್ಲಿ ಒಂದು ಹೆಸರೇ ಬಿತ್ತು: 'ಅಜ್ಜಿಯ ಆಶೀರ್ವಾದ'. ನೆಂಟರು ಬಂದರೆ ಅಷ್ಟನ್ನೇ ಹಿಂದೆ ಸುತ್ತಿ ಎರಡೆರಡು ಸಲ ತೋರಿಸುತ್ತಿದ್ದೆವು.

2009ರಲ್ಲಿ ಅದನ್ನು ಮಂಗಳೂರಿನ ಒಂದು ಅಂಗಡಿಗೆ ಕೊಟ್ಟು ಡಿವಿಡಿ ಮಾಡಿಸಿದೆವು. ಮೂರು ಗಂಟೆಯ ಮದುವೆಯನ್ನು ಒಂದೇ ಡಿಸ್ಕಿಗೆ ತುರುಕಿ ಕೊಟ್ಟಿದ್ದರು. 4.7 ಜಿಬಿಯ ಡಿಸ್ಕಿನಲ್ಲಿ ಚಿತ್ರ ಒಪ್ಪವಾಗಿರಬೇಕಾದರೆ ಎರಡು ಗಂಟೆ ಹಿಡಿಸಬಹುದು. ಅದಕ್ಕಿಂತ ಹೆಚ್ಚು ತುಂಬಿದರೆ ಯಾರಾದರೂ ಅಲ್ಲಾಡಿದಾಗಲೆಲ್ಲ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಹೋಗಲಿ ಎಂದರೆ ಕಳೆದ ವರ್ಷ ಆ ಡಿಸ್ಕೂ ಓದಿಸಿಕೊಳ್ಳುವುದನ್ನು ನಿಲ್ಲಿಸಿತು. ನಾವು ಬರೆಯಿಸಿಕೊಳ್ಳುವ ಡಿಸ್ಕಿನಲ್ಲಿ ಮಾಹಿತಿ ಕೂರುವುದು ಒಂದು ಬಣ್ಣದ ಪದರದಲ್ಲಿ. ಬಣ್ಣ ಕೆಟ್ಟರೆ ಮದುವೆ ಕೆಟ್ಟಿತು. ಡಿಜಿಟಲ್ ಆಗಿದೆ, ಇನ್ನು ಭಯವಿಲ್ಲ ಎಂದುಕೊಂಡಿದ್ದವರು ಮತ್ತೆ ಅಟ್ಟ ಹತ್ತಬೇಕಾಯಿತು.

ಕ್ಯಾಸೆಟ್ ಅಟ್ಟದ ಮರದ ಪೆಟ್ಟಿಗೆಯಲ್ಲಿತ್ತು. ಚೀಟಿಯ ಮೇಲೆ ಮಲಯಾಳ ಅಕ್ಷರದಲ್ಲಿ 'ಕಲ್ಯಾಣಂ'. ಪ್ಲಾಸ್ಟಿಕ್ ಕಿಂಡಿಯಿಂದ ನೋಡಿದರೆ ಕರಿ ಸುರುಳಿಯ ಅಂಚಿನಲ್ಲಿ ಅಕ್ಕಿಹಿಟ್ಟು ಉದುರಿಸಿದ ಹಾಗೆ ಬಿಳಿ. ಬೂಸ್ಟು. ನಮ್ಮ ಊರಿನ ಮಳೆಗಾಲದಲ್ಲಿ ಅಟ್ಟದ ಚಪ್ಪಲಿಗೂ ಬೂಸ್ಟು, ಪುಸ್ತಕಕ್ಕೂ ಬೂಸ್ಟು. ಕ್ಯಾಸೆಟ್ ಏನು ಮಹಾ. ಇಂಥದ್ದನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು. ಒಳಗೆ ಟೇಪನ್ನು ಓದುವ ಹೆಡ್ಡಿಗೆ ಬೂಸ್ಟು ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ.

ಜನವರಿಯ ಒಂದು ಒಣ ಬೆಳಿಗ್ಗೆ ಜಗಲಿಯಲ್ಲಿ ಹಳೆಯ ಪಂಚೆ ಹಾಸಿ ಕುಳಿತೆ. ಮೂಗಿಗೆ ಮಾಸ್ಕ್. ಕ್ಯಾಸೆಟ್ಟಿನ ಬೆನ್ನಿನಲ್ಲಿ ಐದು ಸ್ಕ್ರೂ. ಮೇಲಿನ ಮುಚ್ಚಳ ಎತ್ತುವಾಗ ಉಸಿರು ಬಿಗಿಹಿಡಿಯಬೇಕು, ಏಕೆಂದರೆ ಒಳಗೆ ಸೊಳ್ಳೆಯ ಕಾಲಿನಷ್ಟು ತೆಳ್ಳಗಿನ ಸ್ಪ್ರಿಂಗುಗಳಿವೆ, ಹಾರಿದರೆ ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯ ನಡುವೆ ಹುಡುಕಬೇಕು. ಒಂದು ಹಾರಿತು. ಅಮ್ಮ ಹುಡುಕಿ ಕೊಟ್ಟರು. ಸುರುಳಿಗಳನ್ನು ಹೊರತೆಗೆದು, ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೊದಲು ಅಂಚುಗಳನ್ನು ಒರಸಿದೆ. ಆಮೇಲೆ ಟೇಪನ್ನು ಎರಡು ಬೆರಳ ನಡುವಿನ ಬಟ್ಟೆಯಲ್ಲಿ ಹಾಯಿಸುತ್ತಾ ಒಂದು ಸುರುಳಿಯಿಂದ ಇನ್ನೊಂದಕ್ಕೆ ಕೈಯಲ್ಲೇ ಸುತ್ತಿದೆ. ಅರ್ಧ ಇಂಚು ಅಗಲದ ಪಟ್ಟಿ, ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರ್ ಇರುತ್ತದೆ. ಮಧ್ಯಾಹ್ನದ ಊಟ ತಪ್ಪಿತು. ಬಟ್ಟೆಯ ಮೇಲೆ ಬೂದು ಬಣ್ಣದ ಗೆರೆ ಬೀಳುವುದು ನಿಂತ ಮೇಲೆ ಎದ್ದೆ.

ಓಡಿಸಲು ಯಂತ್ರ ಬೇಕಲ್ಲ. ಗಲ್ಫಿನಿಂದ ಬಂದ ನೆರೆಯವರಿಂದ ಅಪ್ಪ ಕೊಂಡಿದ್ದ ವಿಸಿಪಿ ಎಂದೋ ಗುಜರಿ ಸೇರಿತ್ತು. ಹೊಸದು ಸಿಗುವುದಿಲ್ಲ, ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲೇ ಕೈಬಿಟ್ಟಿದೆ. ಕುಂಬಳೆಯ ಭಾವನ ಮನೆಯಲ್ಲಿ ದುಬೈಯಿಂದ ತಂದ ಒಂದಿತ್ತು, ಮುಂಭಾಗದಲ್ಲಿ 'ಹೈ-ಫೈ' ಎಂದು ಬೆಳ್ಳಿಯ ಅಕ್ಷರ. ರಬ್ಬರ್ ಬೆಲ್ಟ್ ಸಡಿಲಗೊಂಡಿತ್ತು. ಪೇಟೆಯ ಹಳೆಯ ಟಿವಿ ಮೆಕ್ಯಾನಿಕ್ ಒಬ್ಬರು ನಕ್ಕು, ಡಬ್ಬಿಯಲ್ಲಿ ತಡಕಾಡಿ ಬೇರೆ ಬೆಲ್ಟ್ ಹಾಕಿಕೊಟ್ಟರು. ಹಳದಿ, ಬಿಳಿ, ಕೆಂಪು ವಯರುಗಳನ್ನು, ಟೇಪಿನ ಚಿತ್ರ, ಧ್ವನಿಯನ್ನು ಕಂಪ್ಯೂಟರಿಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಸಿಕ್ಕಿಸಿ, ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಮೂರು ಗಂಟೆಯ ಮದುವೆಗೆ ಮೂರು ಗಂಟೆ. ಮೊದಲ ಸಲ ಧಾರೆಯ ಹೊತ್ತಿಗೆ ಕರೆಂಟ್ ಹೋಯಿತು.

ಎರಡನೆಯ ಸಲ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ಓಲಗ ಕೇಳಿಸಿತು. ಬೇರೆ ಕ್ಯಾಸೆಟ್ ಹಾಕಿದೆನೇ ಎಂದು ನೋಡಿದೆ. ಅಲ್ಲ, ಅದೇ ಚಪ್ಪರ, ಅದೇ ಹೃದಯದಾಕಾರದೊಳಗಿಂದ ಇಣುಕುವ ಅತ್ತೆ, ಮಾವ. ಆದರೆ ಹಾಡಿಲ್ಲ. ಓಲಗ, ಮಂತ್ರ, ಮಕ್ಕಳ ಗಲಾಟೆ, ಪಂಕ್ತಿಯಲ್ಲಿ ಗುಜ್ಜೆ ಪಲ್ಯ ಬರಲಿಲ್ಲ ಎಂದು ಯಾರೋ ಕೂಗುವುದು.

ಕಾರಣ ಆಮೇಲೆ ತಿಳಿಯಿತು. ನಮ್ಮದರಂಥ ವಿಎಚ್‌ಎಸ್ ಟೇಪಿನಲ್ಲಿ ಧ್ವನಿಗೆ ಎರಡು ಜಾಗ ಇರಬಹುದು. ಒಂದು, ಟೇಪಿನ ಅಂಚಿನುದ್ದಕ್ಕೂ ನೇರವಾಗಿ ಓಡುವ ಸಣ್ಣ ಗೆರೆ. ನಮ್ಮ ಕಡೆಯ ಪಾಲ್ (PAL) ಎಂಬ ಟಿವಿ ಪದ್ಧತಿಯಲ್ಲಿ ಟೇಪ್ ಸೆಕೆಂಡಿಗೆ 2.34 ಸೆಂಟಿಮೀಟರ್ ಮಾತ್ರ ಸರಿಯುತ್ತದೆ, ಹಾಡು ಕೇಳುವ ಸಾಮಾನ್ಯ ಕ್ಯಾಸೆಟ್ಟಿನ ಅರ್ಧ ವೇಗ. ಹಾಗಾಗಿ ಆ ಗೆರೆಯ ಧ್ವನಿ ಮಡಕೆಯೊಳಗಿಂದ ಬಂದಂತಿರುತ್ತದೆ. ಇನ್ನೊಂದು ಹೈ-ಫೈ. ನಿಮಿಷಕ್ಕೆ 1500 ಸುತ್ತು ತಿರುಗುವ ಡ್ರಮ್ಮಿನ ಹೆಡ್ಡುಗಳು ಧ್ವನಿಯನ್ನು ಟೇಪಿನ ಆಳದಲ್ಲಿ ಬರೆದು, ಅದರ ಮೇಲೆ ಚಿತ್ರವನ್ನು ಬರೆಯುತ್ತವೆ. ಅಂಚಿನ ಗೆರೆಯನ್ನು ಅಳಿಸಿ ಅಲ್ಲಿ ಹಾಡು ಕೂರಿಸಬಹುದು. ವಿಡಿಯೋದವನು ಮಾಡಿದ್ದು ಅದನ್ನೇ. ಹೈ-ಫೈ ಧ್ವನಿಯನ್ನು ಮುಟ್ಟಬೇಕಾದರೆ ಚಿತ್ರವೂ ಹೋಗುತ್ತದೆ. ನಮ್ಮ ವಿಸಿಪಿ ಅಂಚಿನ ಗೆರೆಯನ್ನಷ್ಟೇ ಓದಬಲ್ಲ ಬಡ ಯಂತ್ರ. ಮಂಗಳೂರಿನ ಅಂಗಡಿಯದ್ದೂ ಅದೇ ಜಾತಿಯದ್ದಿರಬೇಕು. ಮದುವೆಯ ಸದ್ದೆಲ್ಲ ಅಷ್ಟು ವರ್ಷ ಹಾಡಿನ ಅಡಿಯಲ್ಲಿ ಹಾಗೆಯೇ ಮಲಗಿತ್ತು.

ಅಮ್ಮನನ್ನು ಕರೆದೆ. ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿ ಇಬ್ಬರೂ ಅಜ್ಜಿಯ ಜಾಗಕ್ಕಾಗಿ ಕಾದೆವು.

ಅಜ್ಜಿ ಕೈ ಎತ್ತಿದರು. ಆಶೀರ್ವಾದವೂ ಇಲ್ಲ, ಏನೂ ಇಲ್ಲ. ಆ ಸುಡುವ ದೀಪವನ್ನು ಸೋಗೆಯ ಬುಡಕ್ಕೆ ತರಬೇಡ, ಚಪ್ಪರಕ್ಕೆ ಬೆಂಕಿ ಹಿಡಿದರೆ ನಿನ್ನ ಅಪ್ಪ ಬಂದು ಆರಿಸುತ್ತಾನೋ ಎಂದು ಹ್ಯಾಲೊಜೆನ್ ಹಿಡಿದ ಹುಡುಗನಿಗೆ ಗದರುತ್ತಿದ್ದರು. ಮೇ ತಿಂಗಳು, ಕಡ್ಡಿಯಂತೆ ಒಣಗಿದ ಅಡಿಕೆ ಸೋಗೆ, ಗದರಿದ್ದು ಸರಿಯೇ. ಅಮ್ಮ ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ದೀಪ ಹಿಂದೆ ಸರಿಯಿತು, ಅಜ್ಜಿಯ ಮುಖ ಕಪ್ಪಾಯಿತು. ಆ ಕತ್ತಲಿನಿಂದ ತಗ್ಗಿದ ದನಿ ಬಂತು: "ಊಣ್ ಕಳಿಞ್ಞೋ?"

ಅಮ್ಮನ ನಗೆ ನಿಂತಿತು. ನಮ್ಮ ಅಜ್ಜಿಗೆ ಮಲಯಾಳ ಬರುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋದದ್ದನ್ನು ಕೊನೆಯವರೆಗೂ ಒಪ್ಪದವರು. ರೇಷನ್ ಅಂಗಡಿಯವನು ಮಲಯಾಳದಲ್ಲಿ ಮಾತನಾಡಿದರೆ ಕಿವಿ ಕೇಳಿಸದವರಂತೆ ನಿಲ್ಲುತ್ತಿದ್ದರು. ಊಟವಾಯಿತೇ ಎಂದು ಆ ಹುಡುಗನನ್ನು ಅವನ ಭಾಷೆಯಲ್ಲೇ ಕೇಳಿದ್ದರು. ಅವನು ಇಲ್ಲವೆಂದ. ಅಜ್ಜಿ ಒಳಗೆ ತಿರುಗಿ, ಇವರಿಬ್ಬರಿಗೆ ಎಲೆ ಹಾಕಿ ಎಂದು ಕನ್ನಡದಲ್ಲಿ ಕೂಗಿದರು. ಅಲ್ಲಿಗೆ ದೃಶ್ಯ ಮುಗಿದು ಪರದೆಯ ಮೇಲೆ ಗುಲಾಬಿ ಹೂ ಅರಳಿತು.

ಅತ್ತೆಗೆ ಕಳಿಸಲು ಈ ಸಲ ಎರಡು ಡಿಸ್ಕಿಗೆ ಹಂಚಿ ಡಿವಿಡಿ ಮಾಡಿದೆ. ಅವರ ಮನೆಯ ಟಿವಿಗೆ ಈಗಲೂ ಡಿವಿಡಿ ಪ್ಲೇಯರ್ ಇದೆ. ಮೂಲವನ್ನು ಬೇರೆ ಬೇರೆ ಮನೆಯ ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಆದರೆ ಹಾಡಿಲ್ಲದ ಮದುವೆಯನ್ನು ಅತ್ತೆ ಒಪ್ಪಲಿಲ್ಲ. ತನ್ನ ಮದುವೆ ಎಂದರೆ ಆ ಹಾಡುಗಳೇ ಎಂದರು. ಸರಿ, ಕ್ಯಾಸೆಟ್ಟನ್ನು ಇನ್ನೊಮ್ಮೆ ಓಡಿಸಿ, ವಿಸಿಆರ್‌ನಲ್ಲಿ ಹೈ-ಫೈ ಬದಲು 'ನಾರ್ಮಲ್' ಆರಿಸಿ, ಹಾಡಿನ ಧ್ವನಿಯನ್ನೂ ಇಳಿಸಿಕೊಂಡೆ. ಅದನ್ನು ಚಿತ್ರಕ್ಕೆ ಹೊಂದಿಸುವುದು ಕಷ್ಟವಾಗಲಿಲ್ಲ. ಹಾಡಿಗೂ ಭಟ್ಟರ ತುಟಿಗೂ ಮೊದಲೇ ಸಂಬಂಧವಿಲ್ಲ. ಒಂದೇ ಡಿವಿಡಿಯಲ್ಲಿ ಎರಡು ಧ್ವನಿ ಇಡಬಹುದು, ರಿಮೋಟಿನ 'ಆಡಿಯೋ' ಗುಂಡಿ ಒತ್ತಿದರೆ ಬದಲಾಗುತ್ತದೆ ಎಂದು ಕಾಗದದಲ್ಲಿ ಬರೆದು ಡಿಸ್ಕಿನ ಜೊತೆ ಇಟ್ಟೆ.

ಕಾಗದ ಎಲ್ಲೋ ಕಳೆದುಹೋಯಿತಂತೆ. ಮೊನ್ನೆ ರಾತ್ರಿ ಅತ್ತೆಯ ಫೋನ್. ಹಿಂದಿನಿಂದ ಓಲಗ ಕೇಳಿಸುತ್ತಿತ್ತು.

"ಹಾಡು ಬರಬೇಕಾದರೆ ಯಾವ ಗುಂಡಿ ಮಾರಾಯ? ಅಮ್ಮ ಬೈಯುವುದು ನಿಲ್ಲುತ್ತಲೇ ಇಲ್ಲ."