ಮೂರು ಗಂಟೆ ಯಾರು ನೋಡ್ತಾರೆ?

"ಅಣ್ಣಾ, ಮೂರು ಗಂಟೆ ಯಾರು ನೋಡ್ತಾರೆ? ಹತ್ತು ನಿಮಿಷಕ್ಕೆ ಇಳಿಸು, ಗ್ರೂಪಿಗೆ ಹಾಕೋಣ."

ಮಂಗಳವಾರ ಪುಣೆಯಿಂದ ಫೋನ್ ಮಾಡಿದ ತಮ್ಮ ಹೀಗಂದ. ದೊಡ್ಡಮ್ಮನ ಮಗ. ವಿಡಿಯೊ ಅವನದೇ ಉಪನಯನದ್ದು. 2004ರಲ್ಲಿ ಡೊಂಬಿವಲಿಯ ಚಾಳಿನ ಮುಂದೆ ಶಾಮಿಯಾನ ಹಾಕಿ ಮಾಡಿದ್ದೆವು. ಮಿನಿ ಡಿವಿ ಟೇಪು, ಅಂದರೆ ಆಗಿನ ವಿಡಿಯೊ ಕ್ಯಾಮೆರಾದ ಚಿಕ್ಕ ಕ್ಯಾಸೆಟ್ಟು, ಮೂರು, ಒಂದೊಂದೂ ಒಂದು ಗಂಟೆಯದ್ದು.

ಅವುಗಳನ್ನು ಕಂಪ್ಯೂಟರಿಗೆ ಇಳಿಸಿ, ಜೋಡಿಸಿ, ಒಂದೇ ಎಂಪಿ4 ಆಗಿ ರೆಂಡರ್‌ಗೆ ಹಾಕಿದೆ. ರಾತ್ರಿಯಿಡೀ ಓಡಿತು. ಬಂದ ಫೈಲು ಸುಮಾರು 10.8 ಜಿಬಿ. ದೊಡ್ಡಮ್ಮನ ಟಿವಿಗೆ ಹಾಕೋಣ ಅಂತ 32 ಜಿಬಿ ಪೆನ್‌ಡ್ರೈವ್‌ಗೆ ಕಾಪಿ ಮಾಡಹೋದರೆ, ಫೈಲು ತೀರಾ ದೊಡ್ಡದು ಅಂತ ಬಂತು. ಪೆನ್‌ಡ್ರೈವ್ ಪೂರ್ತಿ ಖಾಲಿ ಇತ್ತು!

ಕಾರಣ ಫ್ಯಾಟ್32, ಪೆನ್‌ಡ್ರೈವ್‌ನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಹಳೆಯ ವ್ಯವಸ್ಥೆ. ಆ ವ್ಯವಸ್ಥೆಯಲ್ಲಿ ಫೈಲಿನ ಗಾತ್ರ ಬರೆಯಲು ಇರುವ ಜಾಗವೇ 32 ಬಿಟ್. ಹಾಗಾಗಿ ಒಂದು ಫೈಲು 4,29,49,67,295 ಬೈಟ್ ದಾಟುವಂತಿಲ್ಲ. ನಾವು 4 ಜಿಬಿ ಅನ್ನೋದು ಇದನ್ನೇ. ಡ್ರೈವ್‌ನಲ್ಲಿ ಎಷ್ಟು ಜಾಗ ಇದ್ದರೂ ಅಷ್ಟೇ. ಅದಕ್ಕಿಂತ ಹೊಸದಾದ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಈ ತೊಂದರೆ ಇರುವುದಿಲ್ಲ, ಆದರೆ ದೊಡ್ಡಮ್ಮನ ಹಳೆಯ ಟಿವಿ ಅದನ್ನು ಓದುವುದಿಲ್ಲ.

ಇದನ್ನು ತಮ್ಮನಿಗೆ ಹೇಳಿದಾಗಲೇ ಅವನು ಹಾಗಂದದ್ದು. ಒಳ್ಳೆಯ ಹುಡುಗ. ಅಮ್ಮನ ಔಷಧಿ ಒಂದು ತಿಂಗಳೂ ತಪ್ಪಿಸಿದವನಲ್ಲ. ಆದರೆ ಎಲ್ಲವೂ ಬೇಗ ಮುಗಿಯಬೇಕು ಅವನಿಗೆ. ನಮ್ಮಲ್ಲಿ ಜಾಸ್ತಿ ಜನ ಈಗ ಹಾಗೇ ಆಗಿದ್ದೇವೆ.

ದೊಡ್ಡಮ್ಮ ಕೇಳಿದ್ದು ಒಂದೇ ಮಾತು. "ಅಡುಗೆಮನೆಯದ್ದು ಉಂಟಾ ಅದರಲ್ಲಿ?"

ಉಂಟು. ಎರಡನೇ ಟೇಪಿನಲ್ಲಿ ಕ್ಯಾಮೆರಾದವನು ಸುಮ್ನೆ ಒಳಗೆ ಹೋಗಿ ನಿಂತಿದ್ದಾನೆ. ಹೆಂಗಸರು ಸಾಲಾಗಿ ಕೂತು ಕಾಯಿ ತುರಿಯುತ್ತಿದ್ದಾರೆ. ಯಾರೋ ಊರಿನ ಜಾಗದ ತಕರಾರು ಹೇಳುತ್ತಿದ್ದಾರೆ. ದೊಡ್ಡಪ್ಪ ಬಂದು ಕಾಫಿ ಕೇಳುತ್ತಾರೆ. ಲೋಟ ಹಿಡಿದು ಬಾಗಿಲಲ್ಲೇ ನಿಂತು, ಯಾರನ್ನೂ ನೋಡದೆ, ನಿಧಾನವಾಗಿ ಕುಡಿಯುತ್ತಾರೆ. ಅಷ್ಟೇ. ಅವರು ಹೋಗಿ ಆರು ವರ್ಷವಾಯಿತು. ಫೋಟೊಗಳಲ್ಲಿ ಅವರು ಯಾವಾಗಲೂ ಶಲ್ಯ ಹೊದ್ದು ನೆಟ್ಟಗೆ ನಿಂತಿರುತ್ತಾರೆ. ಕಾಫಿ ಕುಡಿಯುವ ದೊಡ್ಡಪ್ಪ ಇರುವುದು ಇದೊಂದರಲ್ಲೇ.

ಮೂರು ಗಂಟೆ ಯಾರು ನೋಡ್ತಾರೆ? ಹತ್ತು ನಿಮಿಷಕ್ಕೆ ಇಳಿಸುವಾಗ ಮೊದಲು ಹೋಗುವುದು ಈ ಕಾಫಿ ಅಲ್ವಾ? ಉಳಿಯುವುದು ಮಂತ್ರೋಪದೇಶ, ಭಿಕ್ಷೆ, ಗ್ರೂಪ್ ಫೋಟೊ. ಅವು ಎಲ್ಲರ ಮನೆಯ ವಿಡಿಯೊದಲ್ಲೂ ಒಂದೇ ತರ ಇರುತ್ತವೆ. ಮನೆಯವರು ಮನೆಯವರಂತೆ ಕಾಣುವುದು ಏನೂ ನಡೆಯದ ಹೊತ್ತಿನಲ್ಲಿ. ಅದನ್ನು ಬೇಡದ ಭಾಗ ಅಂತ ತೀರ್ಮಾನಿಸುವ ಹಕ್ಕು ನನಗೂ ಇಲ್ಲ, ತಮ್ಮನಿಗೂ ಇಲ್ಲ.

ಬಿಟ್‌ರೇಟ್, ಅಂದರೆ ಒಂದೊಂದು ಸೆಕೆಂಡಿನ ವಿಡಿಯೊಗೆ ಬಳಸುವ ಡೇಟಾ, ಇಳಿಸಬಹುದಿತ್ತು. ಸೆಕೆಂಡಿಗೆ 3 ಮೆಗಾಬಿಟ್ ಇಟ್ಟರೆ ಮೂರು ಗಂಟೆಯೂ 4 ಜಿಬಿಯೊಳಗೆ ಕೂರುತ್ತದೆ. ಒಂದು ತುಣುಕು ಮಾಡಿ ನೋಡಿದೆ. ಅಡುಗೆಮನೆಯ ಮಬ್ಬು ಬೆಳಕು, ಹೊಗೆ. ಮುಖಗಳೆಲ್ಲ ಚೌಕ ಚೌಕವಾದವು. ಮನಸ್ಸು ಒಪ್ಪಲಿಲ್ಲ.

ಕೊನೆಗೆ ಮೊದಲಿದ್ದ 8 ಮೆಗಾಬಿಟ್ಟಿನಲ್ಲೇ ಬಿಟ್ಟು, ಟೇಪಿಗೊಂದು ಫೈಲು ಮಾಡಿದೆ. ಒಂದು ಗಂಟೆಗೆ 3.6 ಜಿಬಿ. ಮಿತಿಯೊಳಗೇ ಬಂತು. ಟೇಪು ಬದಲಿಸುವಾಗ ಕ್ಯಾಮೆರಾದವನೇ ನಿಲ್ಲಿಸಿದ ಜಾಗದಲ್ಲಿ ಮಾತ್ರ ತುಂಡು. ಒಂದು ಫ್ರೇಮೂ ಹೋಗಿಲ್ಲ.

ವಾಟ್ಸಾಪ್‌ನಲ್ಲಿ ಇವು ಹೋಗುವುದಿಲ್ಲ, ಅಲ್ಲಿ ಮಿತಿ 2 ಜಿಬಿ. ಹೋಗದಿರಲಿ. ಟೇಪಿನಿಂದ ಇಳಿಸಿದ ಮೂಲ ಡಿವಿ ಫೈಲುಗಳು ಗಂಟೆಗೆ ಸುಮಾರು 13 ಜಿಬಿ. ಅವನ್ನೂ ಅಳಿಸಿಲ್ಲ, ಎರಡು ಹಾರ್ಡ್‌ಡಿಸ್ಕಿಗೆ ಹಾಕಿದ್ದೇನೆ. ಒಂದು ನನ್ನ ಹತ್ತಿರ ಇರುತ್ತದೆ. ಇನ್ನೊಂದನ್ನು ಭಾನುವಾರ ಬಂದಾಗ ಪುಣೆಗೆ ತೆಗೆದುಕೊಂಡು ಹೋಗು ಅಂತ ತಮ್ಮನಿಗೆ ಹೇಳಿದ್ದೇನೆ. ಎರಡನೇ ಟೇಪನ್ನು ಅಮ್ಮನ ಜೊತೆ ಕೂತೇ ನೋಡು ಅಂತಲೂ ಹೇಳಿದ್ದೇನೆ.